ಮಾನಸ ಸರೋವರಕ್ಕೆ ಹೊರಡುವ ಮುನ್ನ

ಹೋಗಿ ಬಂದ ಊರಿನ ಕುರಿತು ಬರೆಯುವವರು ಬಹಳ ಮಂದಿ. ಇನ್ನೂ ಹೋಗದಿರುವ ಸ್ಥಳದ ಕುರಿತು ಬರೆಯಹೊರಟವನನ್ನು ಕಂಡು ಓದುಗರು ನಕ್ಕರೆ ನಾನು ಬೇಸರಪಡಲಾರೆ. ಆದರೆ ಕೆಲವು ಸ್ಥಳಗಳಿಗೆ ಹೋಗಿ ಬರಲು ಮೂರು ವಾರಗಳು ಸಾಕಾದರೂ ಹೊರಡಲು ಸಿದ್ಧನಾಗುವುದಕ್ಕೆ ವರ್ಷಗಳೇ ಬೇಕಾಗುತ್ತವೆ. ಟಿಬೆಟ್ಟಿನ ಮಾನಸ ಸರೋವರ ಅಂಥದೊಂದು ಸ್ಥಳ. ಉದ್ಯೋಗದಿಂದ ನಿವೃತ್ತನಾದಂದಿನಿಂದ ನಾನು ಅಲ್ಲಿಗೆ ಹೊರಡುತ್ತಲೇ ಇದ್ದೇನೆ. ಇನ್ನೂ ರಾಮದುರ್ಗದಲ್ಲಿಯೇ ಇದ್ದೇನೆ.

ಈ ಆಸೆಯ ಬೀಜ ಬಿದ್ದುದು ನಮ್ಮ ಮಲಪ್ರಭೆಯ ದಂಡೆಯ ಮೇಲೆಯೇ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಈ ಹೊಳೆ ಸವದತ್ತಿಯ ನವಿಲುತೀರ್ಥವನ್ನು ದಾಟಿ, ನಮ್ಮೂರನ್ನು ಬಳಸಿ, ಪಟ್ಟದಕಲ್ಲಿನ ಗುಡಿಗಳನ್ನು ನೋಡಿಕೊಂಡು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಶಾಲೆಯಲ್ಲಿದ್ದಾಗ ಒಮ್ಮೆ ನಮ್ಮನ್ನು ಪಟ್ಟದಕಲ್ಲಿಗೆ ಕರೆದೊಯ್ದಿದ್ದರು. ಚಾಲುಕ್ಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ, ರಾವಣನು ಕೈಲಾಸವನ್ನು ಎತ್ತುವ ಶಿಲ್ಪದ ಮುಂದೆ ನಿಲ್ಲಿಸಿ ನಮ್ಮ ಗುರುಗಳು ಕಥೆ ಹೇಳಿದರು. ಕಥೆ ಮುಗಿದ ಬಳಿಕ, “ಕೈಲಾಸ ಬರೀ ಕಲ್ಲಿನೊಳಗ ಇಲ್ಲ, ಭೂಪಟದೊಳಗೂ ಅದ. ಅದರ ಕೆಳಗ ಮಾನಸ ಸರೋವರ ಅದ” ಎಂದರು. ನನ್ನ ಪಕ್ಕದಲ್ಲಿ ನಿಂತಿದ್ದ ನೇಕಾರರ ಹುಡುಗ ಕೈಯೆತ್ತಿ, “ಅಲ್ಲಿಗೆ ಮೋಟಾರು ಹೋಗತೈತೇನ್ರಿ, ಸರ?” ಎಂದು ಕೇಳಿದ. ಎಲ್ಲರೂ ನಕ್ಕರು. ಗುರುಗಳು ನಗಲಿಲ್ಲ. “ನೀವು ದೊಡ್ಡವರಾಗೂದ್ರಾಗ ಹೋದೀತು” ಎಂದಷ್ಟೇ ಹೇಳಿದರು.

ಆ ಹುಡುಗ ಮುಂದೆ ನನ್ನ ಜೀವದ ಗೆಳೆಯನಾದ. ಅವನು ಶಾಲೆ ಬಿಟ್ಟು ಮಗ್ಗ ಹಿಡಿದ. ನಾನು ಓದನ್ನು ಮುಂದುವರಿಸಿ ಮಾಸ್ತರನಾದೆ. ಸಂಜೆಗೆ ಅವನ ಕುಳಿಮಗ್ಗದ ಬಳಿ ಕುಳಿತು ಮಾತನಾಡುವುದು ನಲವತ್ತು ವರ್ಷಗಳ ರೂಢಿ. ಲಾಳಿ ಅತ್ತಿಂದಿತ್ತ ಓಡುತ್ತಿರುವಾಗಲೇ ಅವನು ಊರಿನ ಸುದ್ದಿ ಕೇಳುವನು, ಹೇಳುವನು. 2017ರಲ್ಲಿ ನಾನು ನಿವೃತ್ತನಾದ ದಿನ, “ಮಾಸ್ತರಾ, ಇನ್ನ ಏನ ಮಾಡಾಂವ?” ಎಂದು ಕೇಳಿದ. ಯಾವ ಯೋಚನೆಯೂ ಇಲ್ಲದೆ, “ಮಾನಸ ಸರೋವರ ನೋಡಾಂವ” ಎಂದುಬಿಟ್ಟೆ. ಲಾಳಿ ನಿಂತಿತು. “ಹಂಗಾದ್ರ ನಾನೂ ಬರತೀನಿ” ಎಂದ.

ಆಡಿದ ಮಾತಿಗೆ ಬೆಲೆ ಕೊಡಬೇಕಾದರೆ ಮೊದಲು ತಿಳಿದುಕೊಳ್ಳಬೇಕು. ನಾನು ಪುಸ್ತಕಗಳನ್ನು ತರಿಸಿದೆ, ಭೂಪಟ ಬಿಡಿಸಿದೆ. ಮಾನಸ ಸರೋವರ ಸಮುದ್ರಮಟ್ಟಕ್ಕಿಂತ ಸುಮಾರು 4,590 ಮೀಟರು, ಅಂದರೆ 15,000 ಅಡಿಗಳ ಎತ್ತರದಲ್ಲಿದೆ. ಅದರ ವಿಸ್ತಾರ ಸುಮಾರು 410 ಚದರ ಕಿಲೋಮೀಟರು. ಸುತ್ತಿ ಬರಲು 88 ಕಿಲೋಮೀಟರಿನಷ್ಟು ದಾರಿ. ಅದರ ನೀರು ಸಿಹಿ. ಪಕ್ಕದಲ್ಲಿಯೇ ಇರುವ ರಾಕ್ಷಸತಾಲದ ನೀರು ಉಪ್ಪು. ಅಲ್ಲಿ ರಾವಣನು ತಪಸ್ಸು ಮಾಡಿದನೆಂದು ಜನ ನಂಬುತ್ತಾರೆ. ಬ್ರಹ್ಮನ ಮನಸ್ಸಿನಲ್ಲಿ ಹುಟ್ಟಿದುದರಿಂದ ಮಾನಸ ಎಂದು ನಮ್ಮವರು ಹೆಸರಿಟ್ಟರು. ಕೈಲಾಸವನ್ನು ಟಿಬೆಟ್ಟಿನವರು ‘ಹಿಮದ ರತ್ನ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಹಿಂದೂಗಳು, ಬೌದ್ಧರು, ಜೈನರು, ಟಿಬೆಟ್ಟಿನ ಹಳೆಯ ಬೋನ್ ಮತದವರು, ನಾಲ್ವರಿಗೂ ಅದು ಪವಿತ್ರ. ಸಿಂಧು, ಸಟ್ಲೆಜ್, ಬ್ರಹ್ಮಪುತ್ರ, ಕರ್ನಾಲಿ ಎಂಬ ನಾಲ್ಕು ಮಹಾನದಿಗಳು ಆ ಸೀಮೆಯಲ್ಲಿಯೇ ಹುಟ್ಟಿ ನಾಲ್ಕು ದಿಕ್ಕಿಗೆ ಹರಿಯುತ್ತವೆ.

ಸ್ವೀಡನ್ ದೇಶದ ಸ್ವೆನ್ ಹೆಡಿನ್ ಎಂಬ ಪ್ರವಾಸಿ 1907ರಲ್ಲಿ ಈ ಸರೋವರದ ಆಳವನ್ನು ಅಳೆದ ಸಂಗತಿ ನನಗೆ ಬಹಳ ಹಿಡಿಸಿತು. ಮಡಚಬಹುದಾದ ದೋಣಿಯೊಂದನ್ನು ಅವನು ಕಣಿವೆಗಳ ಮೇಲಿಂದ ಹೊರಿಸಿಕೊಂಡು ಹೋಗಿದ್ದ. ದೇವರ ಸರೋವರದಲ್ಲಿ ದೋಣಿ ಇಳಿಸಿದರೆ ಮುಳುಗುವುದು ಖಂಡಿತವೆಂದು ಅಲ್ಲಿನ ಜನ ಎಚ್ಚರಿಸಿದರು. ಅವನು ಹಗ್ಗಕ್ಕೆ ತೂಕ ಕಟ್ಟಿ ಇಳಿಬಿಟ್ಟು, ಎಂಬತ್ತು ಮೀಟರಿಗೂ ಹೆಚ್ಚಿನ ಆಳವಿದೆಯೆಂದು ಕಂಡುಕೊಂಡು ಸುಖವಾಗಿ ದಡ ಸೇರಿದ. ಇದನ್ನು ಕೇಳಿ ನನ್ನ ಗೆಳೆಯ, “ಅಂವ ಮನ್ಯಾಗ ಕುಂತಾಗನ ಹಾಸು ಹಾಕಿದ್ದ, ಮಾಸ್ತರಾ” ಎಂದ. ನೇಕಾರನ ಮಾತು ಅದು. ಉದ್ದ ನೂಲಿಗೆ ಹಾಸು ಎನ್ನುತ್ತಾರೆ, ಅಡ್ಡ ನೂಲಿಗೆ ಹೊಕ್ಕು. ಸೀರೆಯ ಬಣ್ಣ, ಬೆಡಗುಗಳನ್ನು ನೋಡಿದವರು ನೇಯುವುದನ್ನೇ ಕೆಲಸವೆಂದು ತಿಳಿಯುತ್ತಾರೆ. ಎಳೆ ಎಳೆಯಾಗಿ ಹಾಸು ಹೂಡುವ ಬೇಸರದ ಕೆಲಸ ಸರಿಯಾಗದಿದ್ದರೆ ನೇಯ್ಗೆಯೇ ಇಲ್ಲ. ಅಂದಿನಿಂದ ನಮ್ಮ ಸಿದ್ಧತೆಗೆ ‘ಹಾಸು’ ಎಂದೇ ಹೆಸರಾಯಿತು.

ಹಾಸಿನ ಮೊದಲ ಎಳೆ ಎತ್ತರದ ಅರಿವು. ರಾಮದುರ್ಗ ಎರಡು ಸಾವಿರ ಅಡಿಗಿಂತ ಕೆಳಗಿದೆ. ಇಲ್ಲಿನ ಗಾಳಿಯಲ್ಲಿಯೂ ಮಾನಸದ ಗಾಳಿಯಲ್ಲಿಯೂ ಆಮ್ಲಜನಕದ ಪಾಲು ಒಂದೇ: ನೂರಕ್ಕೆ ಇಪ್ಪತ್ತೊಂದು. ಆದರೆ ಮೇಲೆ ಹೋದಂತೆ ಗಾಳಿಯೇ ತೆಳ್ಳಗಾಗುತ್ತದೆ. ಸಮುದ್ರದಂಡೆಯಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕದಲ್ಲಿ ಆರಾಣೆ ಭಾಗಕ್ಕೂ ಹೆಚ್ಚು ಅಲ್ಲಿ ಕಡಿಮೆ. ಕೈಲಾಸದ ಪ್ರದಕ್ಷಿಣೆಯ ದಾರಿಯಲ್ಲಿ 18,000 ಅಡಿಗೂ ಮೇಲಿರುವ ಡೋಲ್ಮಾ ಕಣಿವೆಯಲ್ಲಂತೂ ಅರ್ಧದಷ್ಟೇ. ಗಾಳಿಯ ಒತ್ತಡ ಕಡಿಮೆಯಾದುದರಿಂದ ನೀರು ಸುಮಾರು 85 ಡಿಗ್ರಿಯಲ್ಲಿಯೇ ಕುದಿಯುತ್ತದೆ. “ಹಂಗಾದ್ರ ಬ್ಯಾಳಿ ಲಗೂ ಬೇಯತಾವಲ್ಲ?” ಎಂದು ಗೆಳೆಯ ಸಂತೋಷಪಟ್ಟ. ಇಲ್ಲ, ನೀರು ಬೇಗ ಕುದಿದರೂ ಅದರ ಬಿಸಿ ಕಡಿಮೆ, ಆದ್ದರಿಂದ ಬೇಳೆ ಬೇಯುವುದು ಇನ್ನೂ ತಡ ಎಂದು ವಿವರಿಸುವಷ್ಟರಲ್ಲಿ ನನ್ನ ಮಾಸ್ತರಿಕೆಗೆ ಹೊಸ ಜೀವ ಬಂದಿತ್ತು.

ತೆಳ್ಳಗಿನ ಗಾಳಿಗೆ ದೇಹ ಒಗ್ಗಿಕೊಳ್ಳಬಲ್ಲದು. ಆದರೆ ಅದಕ್ಕೆ ಕಾಲ ಕೊಡಬೇಕು. ಹತ್ತು ಸಾವಿರ ಅಡಿ ದಾಟಿದ ಮೇಲೆ ಮಲಗುವ ತಾಣದ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೆಡೆ ತಂಗಬೇಕು ಎಂದು ವೈದ್ಯರು ಹೇಳುತ್ತಾರೆ. ಅವಸರ ಮಾಡಿದವನಿಗೆ ಮೊದಲು ತಲೆನೋವು, ಓಕರಿಕೆ, ನಿದ್ದೆಗೇಡು. ಅದನ್ನು ಲೆಕ್ಕಿಸದೆ ಏರಿದರೆ ಶ್ವಾಸಕೋಶದಲ್ಲಿ ಇಲ್ಲವೆ ಮಿದುಳಿನಲ್ಲಿ ನೀರು ತುಂಬಿ ಪ್ರಾಣಕ್ಕೆ ಅಪಾಯ. ಅದಕ್ಕೆ ನಂಬಬಹುದಾದ ಮದ್ದು ಒಂದೇ: ತಡಮಾಡದೆ ಕೆಳಗಿಳಿಯುವುದು.

ಈ ಪಾಠವನ್ನು ನಮಗೆ ಮತ್ತೊಮ್ಮೆ ಕಲಿಸಿದವು ಹಕ್ಕಿಗಳು. ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿರುವ ಈ ಹಕ್ಕಿಗಳು ಟಿಬೆಟ್, ಮಂಗೋಲಿಯಾಗಳ ಎತ್ತರದ ಸರೋವರಗಳ ದಂಡೆಯಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ ನಮ್ಮಲ್ಲಿಗೆ ಬರುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ನಾವಿಬ್ಬರೂ ಅಲ್ಲಿಗೆ ಹೋದುದು ಅದಕ್ಕೂ ಮೊದಲು, 2019ರ ಜನವರಿಯಲ್ಲಿ. ಸಾವಿರಾರು ಹೆಬ್ಬಾತುಗಳು ಬೆಳಗಿನ ಬಿಸಿಲಿಗೆ ನೀರ ಮೇಲೆ ಕುಳಿತಿದ್ದವು. “ಪಾಸ್‌ಪೋರ್ಟ್ ಇಲ್ಲ, ಅರ್ಜಿ ಇಲ್ಲ, ಇವು ಎಷ್ಟ ಆರಾಮ ಬಂದಾವ ನೋಡು” ಎಂದ ಗೆಳೆಯ. ಆರಾಮವಾಗಿ ಬಂದಿಲ್ಲವೆಂದು ನಾನು ಓದಿ ತಿಳಿದಿದ್ದೆ. ಅವುಗಳ ರಕ್ತಕ್ಕೆ ತೆಳ್ಳಗಿನ ಗಾಳಿಯಿಂದಲೂ ಆಮ್ಲಜನಕವನ್ನು ಹಿಡಿದುಕೊಳ್ಳುವ ವಿಶೇಷ ಶಕ್ತಿಯಿದೆ. ವಿಜ್ಞಾನಿಗಳು ಅವುಗಳಿಗೆ ಪುಟ್ಟ ಉಪಕರಣಗಳನ್ನು ಕಟ್ಟಿ ನೋಡಿದಾಗ ಕೆಲವು ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದು ಕಂಡುಬಂದಿತು. ಅದಕ್ಕಿಂತ ಆಶ್ಚರ್ಯದ ಸಂಗತಿ ಇನ್ನೊಂದಿದೆ. ಏರಿದ ಎತ್ತರದಲ್ಲಿಯೇ ಅವು ಹಾರುತ್ತ ಹೋಗುವುದಿಲ್ಲ. ನೆಲ ತಗ್ಗಿದಲ್ಲಿ ತಾವೂ ತಗ್ಗುತ್ತವೆ, ನೆಲ ಏರಿದಲ್ಲಿ ಮತ್ತೆ ಏರುತ್ತವೆ. ಗಳಿಸಿದ ಎತ್ತರವನ್ನು ಬಿಟ್ಟುಕೊಡಲು ಹಕ್ಕಿಗೆ ನಾಚಿಕೆಯಿಲ್ಲ.

ಮನುಷ್ಯರಿಗಾದರೋ ಅರ್ಜಿ ಬೇಕು. ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯವು 1981ರಿಂದ ಈ ಯಾತ್ರೆಯನ್ನು ನಡೆಸುತ್ತ ಬಂದಿದೆ. ಉತ್ತರಾಖಂಡದ ಲಿಪುಲೇಖ ಕಣಿವೆಯದು ಒಂದು ದಾರಿ. ಸಿಕ್ಕಿಮಿನ ನಾಥು ಲಾ ಕಣಿವೆಯ ದಾರಿ 2015ರಲ್ಲಿ ತೆರೆಯಿತು. ಯಾತ್ರಿಕನ ವಯಸ್ಸು ಹದಿನೆಂಟಕ್ಕೆ ಕಡಿಮೆಯಿರಬಾರದು, ಎಪ್ಪತ್ತನ್ನು ಮೀರಿರಬಾರದು. ಎತ್ತರಕ್ಕೆ ತಕ್ಕ ತೂಕವಿರಬೇಕು. ಆ ಲೆಕ್ಕದಲ್ಲಿ 165 ಸೆಂಟಿಮೀಟರು ಎತ್ತರದ ನಾನು 68 ಕಿಲೋಗಿಂತ ಹೆಚ್ಚು ತೂಗುವಂತಿಲ್ಲ, ತೂಗುತ್ತಿದ್ದುದು 75. ಮನೆಯಾಕೆ ಮರುದಿನದಿಂದಲೇ ನನ್ನ ತಟ್ಟೆಯಲ್ಲಿ ಹೋಳಿಗೆಯನ್ನು ಅರ್ಧ ಮಾಡಿದಳು. ವಾರಕ್ಕೆ ಮೂರು ದಿನ ನಾವಿಬ್ಬರು ಗೆಳೆಯರು ಸುರೇಬಾನದ ಬಳಿಯ ಶಬರಿಕೊಳ್ಳಕ್ಕೆ ಹೋಗಿ ಗುಡ್ಡ ಹತ್ತಿ ಇಳಿಯತೊಡಗಿದೆವು. ಶಬರಿ ರಾಮನಿಗಾಗಿ ಕಾದಿದ್ದುದು ಅಲ್ಲಿಯೇ ಎಂಬುದು ನಮ್ಮ ಸೀಮೆಯ ನಂಬಿಕೆ. ಗೆಳೆಯ ಮಗ್ಗದಲ್ಲಿ ಎರಡು ಹತ್ತಿಯ ಟವೆಲ್ಲು ನೇಯ್ದ. ಒಂದು ಅವನಿಗೆ, ಒಂದು ನನಗೆ. ಸರೋವರದ ನೀರಿನಲ್ಲಿ ತೋಯಿಸಿ ತರುವುದಕ್ಕೆ.

2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭೆಗೆ ಮಹಾಪೂರ ಬಂದಿತು. ಊರಿನ ತಗ್ಗಿನ ಓಣಿಗಳೆಲ್ಲ ಜಲಾವೃತವಾದವು. ನೇಕಾರರ ಮಗ್ಗಗಳು ಕುಳಿಯೊಳಗೇ ಮುಳುಗಿದವು; ನೂಲು ಕೆಸರಾಯಿತು. ಯಾತ್ರೆಗೆಂದು ಗೆಳೆಯ ಕೂಡಿಟ್ಟಿದ್ದ ಹಣವೆಲ್ಲ ಮಗ್ಗ ಎತ್ತಿ ನಿಲ್ಲಿಸಲು ಹೋಯಿತು. ಅಟ್ಟದ ಮೇಲಿದ್ದುದರಿಂದ ಟವೆಲ್ಲುಗಳು ಮಾತ್ರ ಉಳಿದವು. “ನಾವು ನೀರು ನೋಡಾಕ ಹೊಂಟಿದ್ವಿ, ನೀರನ ನಮ್ಮನ್ನ ನೋಡಾಕ ಬಂತು” ಎಂದು ಅವನು ನಕ್ಕ. ಅವನ ಪಾಲಿನ ಹಣವನ್ನು ನಾನು ಕೊಡುವುದೆಂದೂ ಅವನು ತೀರಿಸುವುದೆಂದೂ ಒಪ್ಪಂದವಾಯಿತು.

ಆ ವರ್ಷ ಮುಗಿಯುವ ಹೊತ್ತಿಗೆ ಯಾತ್ರಿಕರು ಬರೆದುಕೊಡಬೇಕಾದ ಕಾಗದಗಳ ವಿವರ ತರಿಸಿದೆ. ಅವುಗಳಲ್ಲೊಂದನ್ನು ಓದಿ ನನ್ನ ಕೈ ನಿಂತಿತು. ಆಚೆಯ ನೆಲದಲ್ಲಿ ಮರಣ ಸಂಭವಿಸಿದರೆ ಅಲ್ಲಿಯೇ ಅಂತ್ಯಕ್ರಿಯೆ ಮಾಡಲು ಒಪ್ಪಿಗೆಯ ಪತ್ರ ಅದು. ನಮ್ಮ ಕಡೆ ಒಬ್ಬರು ಕೈಲಾಸವಾಸಿಯಾದರೆಂದರೆ ಅರ್ಥ ಬೇರೆಯೇ. ಅದನ್ನು ಹೇಳಿ ನಾನು ಮನೆಯಲ್ಲಿ ಎಷ್ಟೋ ಸಲ ನಗೆಯಾಡಿದ್ದೆ. ಆ ದಿನ ನಗೆ ಬರಲಿಲ್ಲ. 1998ರ ಆಗಸ್ಟ್ 18ರಂದು ಲಿಪುಲೇಖದ ದಾರಿಯ ಮಾಲ್ಪಾದಲ್ಲಿ ಗುಡ್ಡ ಕುಸಿದು, ಅರವತ್ತು ಯಾತ್ರಿಕರೂ ಸೇರಿದಂತೆ ಇನ್ನೂರಕ್ಕೂ ಹೆಚ್ಚು ಜನ ಮಡಿದಿದ್ದರು. ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ನೃತ್ಯಗ್ರಾಮವನ್ನು ಕಟ್ಟಿದ ಒಡಿಸ್ಸಿ ಕಲಾವಿದೆ ಪ್ರೊತಿಮಾ ಗೌರಿ ಬೇಡಿಯವರೂ ಅವರಲ್ಲೊಬ್ಬರು. ಇದನ್ನೆಲ್ಲ ಬಚ್ಚಿಟ್ಟು ಸಹಿ ಮಾಡುವುದು ಸರಿಯೆನಿಸಲಿಲ್ಲ. ಕಾಗದವನ್ನು ಮನೆಯಾಕೆಗೆ ಓದಿ ಹೇಳಿದೆ.

ಅವಳು ಬಹಳ ಹೊತ್ತು ಮಾತನಾಡಲಿಲ್ಲ. ರಾತ್ರಿ ಊಟವಾದ ಮೇಲೆ, “ನಿಮ್ಮ ಪಟ್ಟಿ ತೋರಸ್ರಿ” ಎಂದಳು. ಹೊತ್ತೊಯ್ಯಬೇಕಾದ ಸಾಮಾನು, ನಡೆಯಬೇಕಾದ ದಾರಿ, ತಂಗಬೇಕಾದ ಊರು, ಎಲ್ಲವನ್ನೂ ನಾನು ಒಂದು ವಹಿಯಲ್ಲಿ ಬರೆದಿದ್ದೆ. ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. “ಹೋಗೂದೆಲ್ಲಾ ಬರದೀರಿ. ಯಾವಾಗ ತಿರುಗಿ ಬರಬೇಕು ಅನ್ನೋದನ್ನ ಎಲ್ಲೀ ಬರದಿಲ್ಲಲ್ರಿ?” ಎಂದಳು. ಬರುವ ದಿನಾಂಕ ಕೊನೆಯ ಪುಟದಲ್ಲಿದೆ ಎಂದೆ. “ಅದಲ್ರಿ. ತಲಿ ಸಿಡೀತಿದ್ರ, ಉಸರು ಹಿಡೀತಿದ್ರ ಅರ್ಧಾ ದಾರಿಯಿಂದ ಹೊಳ್ಳಿ ಬರತೀನಿ ಅಂತ ಬರೀರಿ. ಅದನ್ನ ಬರದ್ರ ನಾನು ಒಪ್ಪತೀನಿ.” ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವನ ವಹಿಯಲ್ಲಿ ಅವಳು ಹಿಡಿದ ತಪ್ಪು ಅದು. ಅಂದೇ ಮೊದಲ ಪುಟದ ಮೇಲ್ಭಾಗದಲ್ಲಿ ಬರೆದೆ: ಯಾವ ಯಾವ ಲಕ್ಷಣ ಕಂಡರೆ ಹಿಂದಿರುಗಬೇಕು, ಯಾರ ಮಾತನ್ನು ಮೀರಬಾರದು.

ಆ ಪುಟದ ಮಾತಿಗೆ ನಡೆಯಬೇಕಾದ ಪ್ರಸಂಗ ಇಷ್ಟು ಬೇಗ ಬರುವುದೆಂದು ನಾವು ತಿಳಿದಿರಲಿಲ್ಲ. ಯಾತ್ರಿಕರನ್ನು ದೆಹಲಿಯಲ್ಲಿ ವೈದ್ಯರು ಪರೀಕ್ಷಿಸುತ್ತಾರೆ. ಅಲ್ಲಿಯವರೆಗೆ ಹೋಗಿ ಹಿಂದಿರುಗುವುದಕ್ಕಿಂತ ಮೊದಲೇ ತೋರಿಸಿಕೊಳ್ಳುವುದು ಲೇಸೆಂದು 2020ರ ಫೆಬ್ರುವರಿಯಲ್ಲಿ ಇಬ್ಬರೂ ಹುಬ್ಬಳ್ಳಿಗೆ ಹೋದೆವು. ನನ್ನ ರಕ್ತದೊತ್ತಡ, ಎದೆ, ಉಸಿರು ಸರಿಯಾಗಿದ್ದವು. ಗೆಳೆಯನ ಎದೆಯ ಮೇಲೆ ವೈದ್ಯರು ಬಹಳ ಹೊತ್ತು ಕಿವಿಗೊಟ್ಟರು. ಮತ್ತೆ ಮತ್ತೆ ಪರೀಕ್ಷೆ ಮಾಡಿದರು. ಹೃದಯದ ಕವಾಟವೊಂದು ಬಿಗಿದಿತ್ತು. “ಯಜಮಾನರೇ, ಮಗ್ಗದ ಕೆಲಸ ನಿಧಾನವಾಗಿ ಮಾಡಿಕೊಂಡಿರಿ. ಆ ಎತ್ತರಕ್ಕೆ ಮಾತ್ರ ಬೇಡ” ಎಂದರು. ಗುಡ್ಡ ಹತ್ತುವಾಗ ಅವನು ಆಗಾಗ ಕಲ್ಲಿನ ಮೇಲೆ ಕೂಡುತ್ತಿದ್ದುದನ್ನು ನಾನು ಸೋಮಾರಿತನವೆಂದು ಛೇಡಿಸಿದ್ದೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಬಸ್ಸಿನಲ್ಲಿ ಹಿಂದಿರುಗುವಾಗ ನಾನೇ ಸಿಟ್ಟಿನಲ್ಲಿದ್ದೆ. ಇನ್ನೊಬ್ಬ ವೈದ್ಯರಿಗೆ ತೋರಿಸೋಣ, ಔಷಧ ತೆಗೆದುಕೊಂಡು ಹೋಗೋಣ ಎಂದೆಲ್ಲ ಹೇಳಿದೆ. ಅವನು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ. ಸವದತ್ತಿ ದಾಟಿದ ಮೇಲೆ, “ಮಾಸ್ತರಾ, ಎಳಿ ಜಾಳಾಗಿದ್ದು ಹಾಸಿನ್ಯಾಗನ ಗೊತ್ತಾತು. ನೇಯಾಕ ಕುಂತ ಮ್ಯಾಲ ಹರಿದಿದ್ರ?” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಶಬರಿ ಎಲ್ಲಿಗೂ ಹೋಗಲಿಲ್ಲ. ಕೊಳ್ಳದಾಗ ಇದ್ದು ದಾರಿ ಹಸನ ಮಾಡಿದ್ಲು. ನಾನೂ ಹಂಗ ಇರತೀನಿ, ನೀ ಹೋಗಿ ಬಾ. ಎರಡೂ ಟವೆಲ್ಲ ನೀನ ಒಯ್ಯಿ” ಎಂದ. ಕಾಯಕದಲ್ಲಿಯೇ ಕೈಲಾಸವನ್ನು ಕಂಡ ಶರಣರ ಮಾತನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದೆ. ಆ ಬಸ್ಸಿನಲ್ಲಿ ಅದರ ಒಂದು ಮಾತೂ ನನ್ನ ಬಾಯಿಗೆ ಬರಲಿಲ್ಲ. ಅವನಿಗೆ ಅದರ ಅಗತ್ಯವೂ ಇರಲಿಲ್ಲ.

ಮರುತಿಂಗಳು ದೇಶವೇ ಬಾಗಿಲು ಮುಚ್ಚಿತು. ಮಹಾಮಾರಿಯಿಂದಾಗಿ 2020ರಲ್ಲಿ ನಿಂತ ಯಾತ್ರೆ ಐದು ವರ್ಷ ನಡೆಯಲಿಲ್ಲ. ಔಷಧಿಯ ಬಲದಿಂದ, ಎಚ್ಚರದಿಂದ ಗೆಳೆಯ ಇನ್ನೂ ಮೂರು ವರ್ಷ ಮಗ್ಗದ ಮುಂದೆ ಕುಳಿತ. 2023ರ ಮಳೆಗಾಲದಲ್ಲಿ ತೀರಿಕೊಂಡ. ಹುಬ್ಬಳ್ಳಿಯ ಆ ದಿನ ಇಲ್ಲದಿದ್ದರೆ ಆ ಮೂರು ವರ್ಷಗಳು ಇರುತ್ತಿದ್ದವೋ ಇಲ್ಲವೋ ಹೇಳಲಾರೆ. ಮಾನಸ ಸರೋವರಕ್ಕೆ ಹೋಗಬೇಕೆಂದು ಹೊರಟದ್ದರಿಂದಲೇ ಅವನ ಎದೆಯೊಳಗಿನ ಕೇಡು ಹೊರಬಿದ್ದಿತು ಎಂಬುದಂತೂ ನಿಜ. ಕಾಣದ ಸರೋವರ ಅವನಿಗೆ ಕೊಟ್ಟದ್ದು ಅಷ್ಟು.

2025ರಲ್ಲಿ ಯಾತ್ರೆ ಮತ್ತೆ ಆರಂಭವಾಯಿತು. ಹೋಗುವ ಮನಸ್ಸು ಇರಲಿಲ್ಲ. ಮನೆಯಾಕೆಯೇ ವಹಿಯನ್ನು ತಂದು ಮೇಜಿನ ಮೇಲೆ ಇಟ್ಟಳು. ಅರ್ಜಿ ಹಾಕಿದೆ. ಆ ವರ್ಷ ಬಂದ ಅರ್ಜಿಗಳು 5,561. ಗಣಕಯಂತ್ರ ಚೀಟಿ ಎತ್ತಿ ಆರಿಸಿದ್ದು 750 ಜನರನ್ನು. ಅವರಲ್ಲಿ ನನ್ನ ಹೆಸರಿರಲಿಲ್ಲ. ಎಪ್ಪತ್ತರ ಗಡಿ ನನಗೆ ದೂರವೇನೂ ಇಲ್ಲ. ಇನ್ನೊಂದೆರಡು ಸಲ ಕೇಳಬಹುದು, ಅಷ್ಟೆ. ಹಿಂದೆ ಆಗಿದ್ದರೆ ಇದನ್ನು ನೆನೆದು ಕಳವಳಪಡುತ್ತಿದ್ದೆ. ಈಗ ಚೀಟಿಯದೂ ಒಂದು ಮಾತು, ವೈದ್ಯರದೂ ಒಂದು ಮಾತು, ಕೊನೆಗೆ ಪರ್ವತದ್ದೂ ಒಂದು ಮಾತು ಎಂದು ತಿಳಿದಿದ್ದೇನೆ. ಅವರು ಬೇಡವೆಂದಾಗ ಕೇಳುವುದಕ್ಕೂ ಸಿದ್ಧತೆ ಬೇಕು. ಆ ಸಿದ್ಧತೆಯಿಲ್ಲದವನು ಎಷ್ಟು ಸಾಮಾನು ಕಟ್ಟಿಕೊಂಡರೂ ಹೊರಡಲು ತಕ್ಕವನಲ್ಲ.

ಈಗಲೂ ವಾರಕ್ಕೆ ಮೂರು ದಿನ ಶಬರಿಕೊಳ್ಳಕ್ಕೆ ಹೋಗುತ್ತೇನೆ. ನನ್ನ ತೂಕ 67 ಕಿಲೋ. ಗೆಳೆಯ ಕೂಡುತ್ತಿದ್ದ ಕಲ್ಲು ಬಂದಾಗ, ಆಯಾಸವಿರಲಿ ಇಲ್ಲದಿರಲಿ, ಸ್ವಲ್ಪ ಹೊತ್ತು ಕೂಡುತ್ತೇನೆ. ಉಸಿರು ತಹಬಂದಿಗೆ ಬಂದ ಮೇಲೆ ಏಳುತ್ತೇನೆ. ಮೊನ್ನೆ ವಹಿಯ ಸಾಮಾನಿನ ಪಟ್ಟಿಯನ್ನು ಮತ್ತೊಮ್ಮೆ ತಿದ್ದಿ ಬರೆದೆ. ವಯಸ್ಸಾದಂತೆ ಹೊರೆ ಕಡಿಮೆ ಮಾಡಬೇಕೆಂದು ಎಷ್ಟೋ ವಸ್ತುಗಳನ್ನು ಹೊಡೆದುಹಾಕಿದೆ. ಟವೆಲ್ಲಿನ ಮುಂದೆ ಮಾತ್ರ ‘ಎರಡು’ ಎಂದೇ ಉಳಿಸಿದ್ದೇನೆ.